ಹೆಗಲು ಮುಟ್ಟಿ ನೋಡಿಕೊಂಡವನು

'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಊರಿನಲ್ಲಿ ಬೂದುಗುಂಬಳಕಾಯಿ ಕಳುವಾಯಿತು. ನೆರೆದ ಜನರ ನಡುವೆ ಜಾಣನೊಬ್ಬನು 'ಕಳ್ಳನ ಹೆಗಲಿಗೆ ಬೂದಿ ಹತ್ತಿದೆ' ಎಂದು ಕೂಗಿದನು. ಕದ್ದವನು ತನಗರಿವಿಲ್ಲದೆ ಹೆಗಲನ್ನು ಮುಟ್ಟಿ ನೋಡಿಕೊಂಡು ಸಿಕ್ಕಿಬಿದ್ದನು. ಈ ಕಥೆಯ ತರ್ಕವು ಬಲು ಸರಳವಾದುದು. ತಪ್ಪಿಲ್ಲದವನಿಗೆ ಅಂಜಿಕೆಯಿಲ್ಲ; ಅಂಜಿದವನು ತಪ್ಪಿತಸ್ಥನೇ ಸರಿ. ಚಾವಡಿಯಿಂದ ಹಿಡಿದು ಮನೆಯ ಪಡಸಾಲೆಯವರೆಗೆ ನಾವೆಲ್ಲರೂ ಈ ತರ್ಕವನ್ನೇ ನೆಚ್ಚಿ ನಡೆಯುತ್ತ ಬಂದಿರುವೆವು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದ ಹಿರಿಯರು ಕ್ಷಮಿಸಬೇಕು. ಈ ಗಾದೆಯು ಅರ್ಧ ಸತ್ಯವೆಂದೂ, ಉಳಿದರ್ಧವನ್ನು ಮರೆಮಾಚಿ ಬಹು ಜನರಿಗೆ ಅನ್ಯಾಯ ಮಾಡಿದೆಯೆಂದೂ ತೋರಿಸಿಕೊಡಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ. ಕದ್ದವನು ಹೆಗಲು ಮುಟ್ಟಿಕೊಳ್ಳುವನೆಂಬುದು ನಿಜ. ಆದರೆ ಹುಟ್ಟಿದಂದಿನಿಂದ ಕುಂಬಳಕಾಯಿ ಕಳ್ಳನೆಂದು ಕರೆಯಿಸಿಕೊಂಡವನು, ಜನ್ಮದಲ್ಲಿ ಒಂದು ಕುಂಬಳಕಾಯಿಯನ್ನು ಎತ್ತಿ ನೋಡದಿದ್ದರೂ, ಆ ಕೂಗು ಕಿವಿಗೆ ಬಿದ್ದೊಡನೆ ಹೆಗಲು ಮುಟ್ಟಿಕೊಳ್ಳುವನು. ಅವನ ಕೈಯನ್ನು ಮೇಲಕ್ಕೆತ್ತಿದುದು ಅವನ ಪಾಪವಲ್ಲ, ನಮ್ಮ ಕೂಗು. ಕೂಗಿದವರೇ ಆ ಬಳಿಕ ಅದನ್ನು ಸಾಕ್ಷ್ಯವೆಂದು ಎತ್ತಿ ಹಿಡಿದರೆ ಅದಕ್ಕೆ ನ್ಯಾಯವೆಂದು ಹೆಸರೇ?

ಪಂಚತಂತ್ರದ ಒಂದು ಕಥೆಯನ್ನು ನೆನೆದುಕೊಳ್ಳೋಣ. ಆಡನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಬ್ರಾಹ್ಮಣನಿಗೆ ದಾರಿಯಲ್ಲಿ ಒಬ್ಬನಾದ ಮೇಲೊಬ್ಬನಂತೆ ಮೂವರು ಧೂರ್ತರು ಎದುರಾಗಿ, ನಾಯಿಯನ್ನೇಕೆ ಹೊತ್ತಿರುವಿರೆಂದು ಕೇಳಿದರು. ಮೊದಲನೆಯವನ ಮೇಲೆ ಬ್ರಾಹ್ಮಣನು ಸಿಡುಕಿದನು. ಎರಡನೆಯವನ ಮಾತಿಗೆ ಶಂಕಿತನಾದನು. ಮೂರನೆಯವನು ಅದನ್ನೇ ಆಡಿದಾಗ ಆಡನ್ನು ಬಿಸುಟು ನಡೆದನು. ಆತನಿಗೆ ಕಣ್ಣುಗಳಿದ್ದವು, ವಿದ್ಯೆಯಿತ್ತು, ಆಡಿನ ಭಾರವೂ ಹೆಗಲ ಮೇಲೆಯೇ ಇದ್ದಿತು. ಇಷ್ಟೆಲ್ಲ ಇದ್ದರೂ ಮೂವರ ಮಾತು ಗೆದ್ದಿತು. ಅದೂ ಒಂದೇ ದಾರಿಯಲ್ಲಿ, ಒಂದೇ ದಿನದಲ್ಲಿ, ಒಂದು ಪಶುವಿನ ವಿಷಯದಲ್ಲಿ. ಹೀಗಿರುವಲ್ಲಿ, ಒಂದು ಮಗುವಿಗೆ ಅದರ ವಿಷಯವಾಗಿಯೇ ಊರಿನವರು, ಉಪಾಧ್ಯಾಯರು, ಪೋಲೀಸಿನವರು, ಸರಕಾರದ ದಫ್ತರಗಳು ಎಲ್ಲವೂ ಒಂದೇ ಮಾತನ್ನು ದಿನವೂ ಹೇಳುತ್ತ ಬಂದರೆ, ಆ ಮಗುವು ತನ್ನ ಕಣ್ಣನ್ನು ನಂಬಬೇಕೋ, ಲೋಕದ ಬಾಯನ್ನು ನಂಬಬೇಕೋ?

'ಸತ್ತ್ವವುಳ್ಳವನನ್ನು ಹೆಸರು ಏನು ಮಾಡೀತು?' ಎಂದು ಕೇಳುವವರುಂಟು. ಸತ್ತ್ವದಲ್ಲಿ ಕರ್ಣನಿಗಿಂತ ಹೆಚ್ಚಿನವನನ್ನು ಇವರು ಎಲ್ಲಿಂದ ತರುವರು? ಹಸ್ತಿನಾವತಿಯ ರಂಗದಲ್ಲಿ ಅವನು ಬಿಲ್ಲುವಿದ್ಯೆಯನ್ನು ತೋರಿಸಿದುದನ್ನು ಯಾರೂ ಅಲ್ಲಗಳೆಯಲಿಲ್ಲ. ಕುಲವೇನೆಂದು ಮಾತ್ರ ಕೇಳಿದರು. ಅರ್ಜುನನಿಗೆ ಸರಿಸಮನಾಗಿ ನಿಂತಿದ್ದ ಆ ವೀರನು ಆ ಒಂದು ಪ್ರಶ್ನೆಗೆ ತಲೆ ತಗ್ಗಿಸಿದನು. ಸೂತಪುತ್ರನೆಂಬ ಹೆಸರು ಅಂದಿನಿಂದ ಅವನ ಬೆನ್ನು ಬಿಡಲಿಲ್ಲ. ಕಡೆಗೆ ನಿಜವಾದ ಜನ್ಮವೃತ್ತಾಂತವು ಅವನಿಗೆ ತಿಳಿದಾಗ ಏನಾಯಿತು? ತಿಳಿದುದರಿಂದ ಅವನು ಬೇರೊಬ್ಬನಾಗಲಿಲ್ಲ. ಆ ಹೆಸರಿನ ಸುತ್ತಲೇ ಅವನ ಸ್ನೇಹ, ದ್ವೇಷ, ಋಣ, ಮಾನ ಎಲ್ಲವೂ ಬೆಳೆದು ಗಟ್ಟಿಯಾಗಿದ್ದವು. ಸತ್ಯವು ಬಂದಿತು, ಆದರೆ ಹೊತ್ತು ಮೀರಿ ಬಂದಿತು. ಸೂರ್ಯನ ಮಗನ ಪಾಡೇ ಹೀಗಾದರೆ, ಗುಡಿಸಲಿನಲ್ಲಿ ಹುಟ್ಟಿದವನ ಪಾಡೇನು?

ಕವಿಗಳು ಕಂಡುದನ್ನು ಶಾಸ್ತ್ರಜ್ಞರೂ ಕಂಡಿರುವರು. ಅಮೆರಿಕೆಯ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ ಎಂಬಾತನು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನು ತನ್ನನ್ನು ತಾನು ಅರಿಯುವುದು ಇತರರೆಂಬ ಕನ್ನಡಿಯಲ್ಲಿ ಎಂದು ವಾದಿಸಿದನು. ಅವರ ಕಣ್ಣಿಗೆ ನಾನು ಹೇಗೆ ಕಾಣುವೆನು, ಕಂಡು ಅವರು ನನ್ನನ್ನು ಏನೆಂದು ಎಣಿಸುವರು ಎಂಬ ಊಹೆಯಿಂದಲೇ ನಮ್ಮ ಹೆಮ್ಮೆಯೂ ನಾಚಿಕೆಯೂ ಹುಟ್ಟುವುವು. 1938ರಲ್ಲಿ ಫ್ರಾಂಕ್ ಟ್ಯಾನೆನ್‌ಬಾಮ್ ಎಂಬ ಇನ್ನೊಬ್ಬನು ಈ ಮಾತನ್ನು ಅಪರಾಧಗಳ ವಿಷಯಕ್ಕೆ ಅನ್ವಯಿಸಿದನು. ಹುಡುಗನೊಬ್ಬನು ಆಟದ ಭರದಲ್ಲಿ ಮಾಡಿದ ಕಿಡಿಗೇಡಿತನಕ್ಕೆ ಊರೆಲ್ಲ ಸೇರಿ ಅವನನ್ನೇ ಕೆಟ್ಟವನೆಂದು ಕರೆದು, ಗುರುತುಹಾಕಿ, ಬೇರೆಯಿರಿಸಿದರೆ, ಅವನು ಆ ಹೆಸರಿಗೆ ತಕ್ಕವನೇ ಆಗುವನೆಂಬುದು ಆತನ ವಾದದ ತಿರುಳು. ಮೊದಲು ಕೃತ್ಯಕ್ಕೆ ಹೆಸರು. ಬಳಿಕ ಮನುಷ್ಯನಿಗೆ ಹೆಸರು. ಕಡೆಗೆ ಹೆಸರಿಗೆ ತಕ್ಕ ಮನುಷ್ಯ.

ಇವೆಲ್ಲ ಗ್ರಂಥಗಳ ಮಾತಾಯಿತು. ನಮ್ಮ ದೇಶದಲ್ಲಿ ಈ ಪ್ರಯೋಗವು ರಾಜಶಾಸನದ ಮೂಲಕ ಲಕ್ಷಾಂತರ ಜನರ ಮೇಲೆ ನಡೆದುಹೋಯಿತು. 1871ರಲ್ಲಿ ಆಂಗ್ಲ ಸರಕಾರವು 'ಅಪರಾಧಿ ಬುಡಕಟ್ಟುಗಳ ಕಾಯಿದೆ'ಯನ್ನು ಹೊರಡಿಸಿತು. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ. ಅದರಂತೆಯೇ ಕಳ್ಳರ ಕುಲವೆಂಬುದೊಂದುಂಟು, ಅವರ ಮಕ್ಕಳು ಕಳ್ಳರೇ ಆಗುವರು ಎಂಬ ತರ್ಕದ ಮೇಲೆ ಅದನ್ನು ಕಟ್ಟಲಾಗಿತ್ತು. ಮೊದಲು ಉತ್ತರದ ಪ್ರಾಂತಗಳಲ್ಲಿದ್ದ ಈ ಶಾಸನವು 1911ರಲ್ಲಿ ಮುಂಬಯಿ ಮದರಾಸು ಆಧಿಪತ್ಯಗಳಿಗೂ ಹಬ್ಬಿತು. 1924ರಲ್ಲಿ ಅದನ್ನು ಮತ್ತೆ ಒಟ್ಟುಗೂಡಿಸಿ ಬರೆದರು.

ಅದರ ವಿಧಿಗಳನ್ನು ಒಮ್ಮೆ ನೋಡಬೇಕು. ಒಂದು ಜನಾಂಗವನ್ನು ಅಪರಾಧಿಯೆಂದು ಸರಕಾರವು ಸಾರಿದರೆ ಸಾಕು, ಆ ಸಾರಿಕೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದು. ಆ ಜನಾಂಗದವರು ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಡುವಾಗ ಪರವಾನಗಿ ಪಡೆಯಬೇಕು. ಅವರನ್ನು ಬೇಲಿ ಹಾಕಿದ ವಸತಿಗಳಲ್ಲಿ ಇರಿಸಬಹುದು. ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ ಸುಧಾರಣಾಶಾಲೆಗಳಿಗೆ ಕಳಿಸಬಹುದು. ಇವುಗಳಲ್ಲಿ ಯಾವುದಕ್ಕೂ ಆ ಮನುಷ್ಯನು ಏನಾದರೂ ಕದ್ದಿರಬೇಕೆಂಬ ನಿಯಮವಿರಲಿಲ್ಲ. ಹುಟ್ಟಿದುದೇ ಸಾಕಾಗಿತ್ತು. ಗಾದೆಯಲ್ಲಿಯಾದರೂ ಮೊದಲು ಕುಂಬಳಕಾಯಿ ಕಳುವಾಗುತ್ತದೆ, ಆಮೇಲೆ ಕೂಗು ಏಳುತ್ತದೆ. ಇಲ್ಲಿ ಕೂಗು ಮೊದಲು. ಕುಂಬಳಕಾಯಿಯ ಮಾತು ಆಮೇಲೆ.

ಈ ವಸತಿಗಳು ದೂರದೇಶದಲ್ಲಿದ್ದುವೆಂದು ಯಾರೂ ತಿಳಿಯಬಾರದು. ಬಿಜಾಪುರ, ಹುಬ್ಬಳ್ಳಿ, ಗದಗು ಮೊದಲಾದ ಕಡೆಗಳಲ್ಲಿ ಅವು ಇದ್ದುವು. ಹುಬ್ಬಳ್ಳಿಯಲ್ಲಿಯೂ ಗದಗು-ಬೆಟಗೇರಿಯಲ್ಲಿಯೂ ಆ ಭಾಗವನ್ನು ಜನರು ಇಂದಿಗೂ 'ಸೆಟ್ಲಮೆಂಟ್' ಎಂದೇ ಕರೆಯುವರು. ಬೇಲಿ ಹೋಯಿತು, ಕಾವಲುಗಾರನು ಹೋದನು, ಆಳಿದ ಸರಕಾರವೇ ಕಡಲು ದಾಟಿ ಹೋಯಿತು. ಹೆಸರು ಮಾತ್ರ ಉಳಿದುಕೊಂಡಿತು.

'ಬೆಂಕಿಯಿಲ್ಲದೆ ಹೊಗೆಯಾಡೀತೆ? ಅವರು ಕದಿಯುತ್ತಿದ್ದರು, ಅದಕ್ಕೇ ಹೆಸರು ಬಂದಿತು' ಎಂಬುದು ನಮ್ಮ ಸುಶಿಕ್ಷಿತರು ಎತ್ತುವ ಮೊದಲನೆಯ ಆಕ್ಷೇಪ. ಹೊಗೆಯನ್ನು ತೋರಿಸುವವರು ಬೆಂಕಿಯಿಟ್ಟವರು ಯಾರೆಂಬುದನ್ನೂ ಹೇಳಬೇಕು. ಕೊರಚರೂ ಕೊರವರೂ ಲಂಬಾಣಿಗಳೂ ಒಂದು ಕಾಲಕ್ಕೆ ಹೇರೆತ್ತುಗಳ ಮೇಲೆ ಉಪ್ಪನ್ನೂ ಕಾಳುಕಡಿಗಳನ್ನೂ ಹೇರಿಕೊಂಡು, ಕರಾವಳಿಯಿಂದ ಒಳನಾಡಿಗೂ ಒಳನಾಡಿನಿಂದ ಕರಾವಳಿಗೂ ವ್ಯಾಪಾರ ನಡೆಸುತ್ತಿದ್ದವರು. ಗಾಡಿಯ ದಾರಿಯಿಲ್ಲದ ಹಳ್ಳಿಗಳಿಗೆ ಉಪ್ಪು ಬರುತ್ತಿದ್ದುದು ಇಂಥವರ ಬೆನ್ನ ಹಿಂದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ರೈಲುಹಾದಿಗಳು ಹರಡಿದುವು. ಉಪ್ಪಿನ ಮೇಲೆ ಸರಕಾರದ ಕಟ್ಟುಪಾಡುಗಳು ಬಿಗಿಯಾದುವು. 1878ರ ಅರಣ್ಯ ಕಾಯಿದೆಯಂಥವುಗಳಿಂದ ಕಾಡಿನ ಹುಲ್ಲು, ಬಿದಿರು, ಮೇವುಗಳ ಮೇಲಿನ ಹಕ್ಕೂ ತಪ್ಪಿತು. ದುಡಿಮೆ ಕೆಟ್ಟು ಅಲೆಯುತ್ತಿದ್ದವರನ್ನು ಕಂಡ ಸರಕಾರಕ್ಕೆ, ನೆಲೆಯಿಲ್ಲದವನೆಲ್ಲ ಸಂಶಯಾಸ್ಪದನು ಎನಿಸಿತು. ಹಸಿದವರಲ್ಲಿ ಕೆಲವರು ಕದ್ದಿರಬಹುದು. ಎಲ್ಲ ಕುಲಗಳಲ್ಲಿಯೂ ಕದ್ದವರುಂಟು. ಲೆಕ್ಕಪತ್ರಗಳನ್ನು ತಿದ್ದಿ ಬ್ಯಾಂಕುಗಳನ್ನು ಮುಳುಗಿಸಿದವರ ಕುಲವನ್ನು ಯಾವ ಸರಕಾರವೂ ಅಪರಾಧಿ ಕುಲವೆಂದು ಸಾರಿದುದನ್ನು ನಾನರಿಯೆ. ಉಳ್ಳವನು ಕದ್ದರೆ ಕೃತ್ಯಕ್ಕೆ ಹೆಸರು, ಇಲ್ಲದವನು ಕದ್ದರೆ ಕುಲಕ್ಕೆ ಹೆಸರು.

ಈಗ ಎಲ್ಲಕ್ಕಿಂತ ಕಠಿನವಾದ ಉದಾಹರಣೆಗೆ ಬರುವೆನು. ನಮ್ಮ ಉತ್ತರಭಾಗದ ಜಿಲ್ಲೆಗಳಲ್ಲಿ ಒಂದು ಜನಾಂಗವುಂಟು. ಸವೆದ ಬೀಸುವ ಕಲ್ಲನ್ನು ಚಾಣದಿಂದ ಕೊರೆದು ಮತ್ತೆ ಹರಿತ ಮಾಡಿಕೊಡುವುದು ಅವರ ಕಸುಬುಗಳಲ್ಲೊಂದಾಗಿತ್ತು; ಗಿರಣಿ ವಡ್ಡರೆಂಬ ಹೆಸರೂ ಅವರಿಗಿತ್ತು. ನಮ್ಮ ಅಜ್ಜಿಯರು ಬೀಸಿದ ಹಿಟ್ಟು ನುಣ್ಣಗಾದುದು ಇಂಥವರ ಚಾಣದ ಪುಣ್ಯದಿಂದ. ಆದರೆ ದಫ್ತರವು ಅವರಿಗೆ ಆಯ್ದುಕೊಂಡ ಹೆಸರು 'ಗಂಟಿಚೋರ' ಎಂಬುದು. ಗಂಟು ಕದಿಯುವವನೆಂದು ಅದಕ್ಕೆ ಅರ್ಥ ಹೇಳುವರು. ಪೋಲೀಸಿನವರ ಬೈಗುಳದಂತಿರುವ ಈ ಮಾತು ಗ್ಯಾಝೆಟಿಯರಿಗೆ ಏರಿತು. ಅಲ್ಲಿಂದ ಪರಿಶಿಷ್ಟ ಜಾತಿಗಳ ಪಟ್ಟಿಗೂ ಬಂದಿತು. ಸ್ವತಂತ್ರ ಭಾರತದಲ್ಲಿ ಆ ಜನಾಂಗದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನವನ್ನು ಬೇಡಬೇಕಾದರೆ, ತಹಶೀಲದಾರರ ಮುದ್ರೆಯೊತ್ತಿದ ಪ್ರಮಾಣಪತ್ರದಲ್ಲಿ ತನ್ನ ಹೆಸರಿನ ಪಕ್ಕದಲ್ಲಿ ಆ ಮಾತನ್ನು ಹೊತ್ತು ತರಬೇಕು. ಅವಳಿಗೆ ಸಲ್ಲಬೇಕಾದ ಹಕ್ಕನ್ನು ಕೊಡುವ ಕೈಯೇ ಮೊದಲು ಅವಳಿಂದ 'ನಾನು ಚೋರರ ಕುಲದವಳು' ಎಂದು ಹೇಳಿಸುವುದು. ಹೇಳದಿದ್ದರೆ ಹಣವಿಲ್ಲ, ಹೇಳಿದರೆ ಮಾನವಿಲ್ಲ. ಅರ್ಜಿಯನ್ನು ಬರೆಯುವಾಗ ಆ ಮಗುವಿನ ಮನಸ್ಸಿನಲ್ಲಿ ಏನು ನಡೆಯುವುದೆಂಬುದನ್ನು, ತಮ್ಮ ಮಕ್ಕಳ ಅರ್ಜಿಗಳನ್ನು ನಿಶ್ಚಿಂತೆಯಿಂದ ತುಂಬುವ ತಾಯಿತಂದೆಗಳು ಒಂದು ಗಳಿಗೆ ಯೋಚಿಸಬೇಕು.

'ಅದೆಲ್ಲ ಭಾವುಕತೆ, ಬುದ್ಧಿಯಿದ್ದ ಹುಡುಗನು ಯಾವ ಹೆಸರಿನಿಂದ ಕರೆದರೂ ಓದಿಯೇ ಓದುವನು' ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ನಾನು ಹೇಳಬೇಕಾದುದಿಲ್ಲ. ಉತ್ತರಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಒಂದು ಪರೀಕ್ಷೆಯನ್ನು ನಡೆಸಿ, 2004ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮೇಲಿನವೆನಿಸಿದ ಜಾತಿಗಳ 321 ಹುಡುಗರು, ಕೆಳಗಿನವೆನಿಸಿದ ಜಾತಿಗಳ 321 ಹುಡುಗರು. ಎಲ್ಲರಿಗೂ ಕಾಗದದ ಮೇಲೆ ಬರೆದ ಒಂದೇ ಬಗೆಯ ಚಕ್ರವ್ಯೂಹಗಳು. ದಾರಿಯನ್ನು ಕಂಡುಹಿಡಿದವರಿಗೆ ಹಣ. ಜಾತಿಯ ಮಾತೆತ್ತದೆ ಕೆಲಸ ಕೊಟ್ಟಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ. ಹುಡುಗರನ್ನು ಒಟ್ಟಿಗೆ ಕುಳ್ಳಿರಿಸಿ, ಒಬ್ಬೊಬ್ಬನ ಹೆಸರು, ಊರು, ತಂದೆಯ ಹೆಸರು, ಅಜ್ಜನ ಹೆಸರು, ಜಾತಿ ಇವುಗಳನ್ನು ಎಲ್ಲರೆದುರು ಓದಿಹೇಳಿದ ಬಳಿಕ ಅದೇ ಕೆಲಸವನ್ನು ಕೊಟ್ಟಾಗ, ಕೆಳಗಿನವರೆನಿಸಿದ ಹುಡುಗರು ಬಿಡಿಸಿದ ವ್ಯೂಹಗಳ ಸಂಖ್ಯೆ ಎದ್ದು ಕಾಣುವಷ್ಟು ಕುಗ್ಗಿತು. ಯಾರೂ ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಇದ್ದ ಹೆಸರನ್ನು ಗಟ್ಟಿಯಾಗಿ ಓದಿದರು, ಅಷ್ಟೆ. ಬುದ್ಧಿಯು ಆ ಹುಡುಗರ ತಲೆಯಲ್ಲಿಯೇ ಇದ್ದಿತು. ಅದು ಕೈಗೆ ಇಳಿಯುವ ದಾರಿಯಲ್ಲಿ ಹೆಸರು ಅಡ್ಡ ನಿಂತಿತು.

ಮೂರನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು; ಅದನ್ನು ಹಗುರಾಗಿ ತಳ್ಳಲಾಗದು. ಹೆಸರುಗಳನ್ನೆಲ್ಲ ಅಳಿಸಿಬಿಟ್ಟರೆ ಅನ್ಯಾಯಕ್ಕೆ ಗುರಿಯಾದವರನ್ನು ಗುರುತಿಸುವುದು ಹೇಗೆ, ಪರಿಹಾರವನ್ನು ಮುಟ್ಟಿಸುವುದು ಹೇಗೆ ಎಂದು ಕೇಳುವರು. ಗಾಯಕ್ಕೆ ಹೆಸರಿಲ್ಲದಿದ್ದರೆ ಮದ್ದಿಲ್ಲವೆಂಬುದನ್ನು ನಾನೂ ಒಪ್ಪುವೆನು. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯುಂಟು: ಹೆಸರಿಡುವ ಅಧಿಕಾರ ಯಾರದು? ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ನಡೆದು ತೋರಿಸಿದ ಉತ್ತರವಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ಭಕ್ತಿಯಿಂದ ಉಚ್ಚರಿಸಿದಾಗ, ಬೀದಿಯಲ್ಲಿ ಹೀನವೆನಿಸಿದ ಮಾತೇ ಅನುಭಾವದ ಬಿರುದಾಯಿತು. ತಾನೇ ಎತ್ತಿಕೊಂಡ ಹೆಸರು ಕೈಯಲ್ಲಿ ಹಿಡಿದ ದೀವಟಿಗೆ. ಪರರು ಹೊರಿಸಿದ ಹೆಸರು ಮೈಗೆ ತಗುಲಿದ ಬೆಂಕಿ. ಅಪರಾಧಿ ಬುಡಕಟ್ಟೆನ್ನಿಸಿಕೊಂಡವರು ತಮ್ಮನ್ನು 'ವಿಮುಕ್ತ'ರೆಂದು ಕರೆದುಕೊಳ್ಳುವುದರಲ್ಲಿಯೂ, 1952ನೆಯ ಆಗಸ್ಟ್ 31ರಂದು ಆ ಕಾಯಿದೆಯು ರದ್ದಾದ ದಿನವನ್ನು ವಿಮುಕ್ತಿಯ ದಿನವೆಂದು ಆಚರಿಸುವುದರಲ್ಲಿಯೂ ಇದೇ ಅರ್ಥವಿದೆ. ಗುರುತು ಉಳಿಯಬಹುದು, ಹಕ್ಕೂ ಉಳಿಯಬಹುದು. ಅವಮಾನವು ಉಳಿಯಬೇಕಾದ ಕಾರಣವಿಲ್ಲ.

ಪಟ್ಟಿಯಲ್ಲಿನ ಹೆಸರನ್ನು ಬದಲಿಸಲಾಗದೆಂಬ ಮಾತೂ ಸಲ್ಲದು. ಸಂವಿಧಾನದ 341ನೆಯ ವಿಧಿಯಂತೆ ಅದು ಪಾರ್ಲಿಮೆಂಟಿನ ಕೈಯಲ್ಲಿದೆ. ತಮಿಳುನಾಡಿನ ಏಳು ಜಾತಿಗಳನ್ನು 2021ರಲ್ಲಿ ಒಂದು ತಿದ್ದುಪಡಿ ಕಾಯಿದೆಯ ಮೂಲಕ 'ದೇವೇಂದ್ರಕುಲ ವೇಳಾಳರ್' ಎಂಬ, ಅವರೇ ಬಹುಕಾಲ ಕೇಳಿಕೊಂಡು ಬಂದಿದ್ದ, ಹೆಸರಿನಡಿಯಲ್ಲಿ ಸೇರಿಸಲಾಯಿತು. ಪರಿಶಿಷ್ಟರೆಂಬ ಅವರ ಸ್ಥಾನಕ್ಕೆ ಚ್ಯುತಿ ಬರಲಿಲ್ಲ. ಅಲ್ಲಿ ಆದುದು ಇಲ್ಲೇಕೆ ಆಗದು? ಹೊಸ ಹೆಸರೇನಿರಬೇಕೆಂಬುದನ್ನು ಅದನ್ನು ಹೊರುವವರೇ ನಿಶ್ಚಯಿಸಲಿ. ಅವರನ್ನು ಕೇಳುವ ಸೌಜನ್ಯವನ್ನು ತೋರುವುದು ನಮ್ಮ ಪ್ರತಿನಿಧಿಗಳ ಕರ್ತವ್ಯ. ಪ್ರತಿನಿಧಿಗಳನ್ನು ಎಚ್ಚರಿಸುವುದು ನಮ್ಮ ಕರ್ತವ್ಯ.

ಶಾಸನದಿಂದಲೇ ಎಲ್ಲವೂ ಆಗುವುದೆಂದು ಮಾತ್ರ ನಂಬಿ ಕೂಡಬಾರದು. 1952ರಲ್ಲಿ ಕಾಯಿದೆಯು ರದ್ದಾಯಿತು. ಹಲವು ಪ್ರಾಂತಗಳಲ್ಲಿ 'ರೂಢಿಯ ಅಪರಾಧಿ'ಗಳೆಂಬ ಬೇರೆ ಹೆಸರಿನ ಕಾಯಿದೆಗಳು ಅದರ ಜಾಗಕ್ಕೆ ಬಂದುವು. ವಿಮುಕ್ತ ಜನಾಂಗಗಳನ್ನು ಹುಟ್ಟಿನಿಂದಲೇ ರೂಢಿಯ ಅಪರಾಧಿಗಳೆಂಬಂತೆ ಕಾಣುವ ಕಾರಾಗೃಹದ ನಿಯಮಗಳು ಮತ್ತೂ ಎಪ್ಪತ್ತು ವರ್ಷ ಬದುಕಿದುವು. 2024ನೆಯ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಅಂಥ ನಿಯಮಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿ, ಕೈದಿಗಳ ದಾಖಲೆಪುಸ್ತಕದಲ್ಲಿನ ಜಾತಿಯ ಅಂಕಣವನ್ನು ಅಳಿಸಬೇಕೆಂದು ವಿಧಿಸಿತು. 1871ರಲ್ಲಿ ಬರೆದ ಒಂದು ಪದವನ್ನು ಅಳಿಸಲು ಹೊರಟವರಿಗೆ 2024ರಲ್ಲಿಯೂ ಕೆಲಸ ಮುಗಿದಿರಲಿಲ್ಲ. ಹೆಸರಿಡಲು ಒಂದು ದಿನ ಸಾಕು. ತೆಗೆಯಲು ನೂರೈವತ್ತು ವರ್ಷ ಸಾಲದು.

ಕಾರಾಗೃಹದ ದಾಖಲೆಗಿಂತ ದೊಡ್ಡ ದಾಖಲೆಯೊಂದು ನಮ್ಮ ನಮ್ಮ ಮನೆಗಳಲ್ಲಿದೆ. ಬೆಳ್ಳಿಯ ಲೋಟವೊಂದು ಕಾಣದಾದರೆ ಮನೆಯವರ ಕಣ್ಣು ಮೊದಲು ಯಾರ ಕಡೆಗೆ ತಿರುಗುವುದು? ಪಾತ್ರೆ ಬೆಳಗುವವಳ ಕಡೆಗೆ. ಲೋಟವು ನಾಲ್ಕು ದಿನದ ಮೇಲೆ ಹಾಸಿಗೆಯ ಸುರುಳಿಯಲ್ಲಿ ಸಿಕ್ಕಿದರೆ ಲೋಟವನ್ನು ತೊಳೆದಿಡುವೆವು. ಆ ನಾಲ್ಕು ದಿನಗಳ ನೋಟವನ್ನು ಯಾರು ತೊಳೆಯುವರು? ಲೆಕ್ಕದಲ್ಲಿ ಎರಡು ಸಲ ತಪ್ಪಿದ ಹುಡುಗನು ಮನೆಯಲ್ಲಿ 'ದಡ್ಡ'ನಾಗುವನು, ಶಾಲೆಯಲ್ಲಿ ಹಿಂದಿನ ಬೆಂಚಿನವನಾಗುವನು, ಹತ್ತು ವರ್ಷಗಳಲ್ಲಿ ತಾನೂ ಅದನ್ನೇ ಹೇಳಿಕೊಂಡು ನಗುವನು. ಮೂಲಾ ನಕ್ಷತ್ರದಲ್ಲಿ ಹುಟ್ಟಿದಳೆಂಬ ಒಂದೇ ಕಾರಣದಿಂದ ಹೆಣ್ಣುಮಗಳು, ಇನ್ನೂ ಕಾಣದ ಮಾವನಿಗೆ ಕೇಡು ತರುವವಳೆನಿಸಿಕೊಂಡು, ವರಗಳು ಬಂದು ಹಿಂದಿರುಗಿದಾಗಲೆಲ್ಲ ತನ್ನನ್ನೇ ಶಪಿಸಿಕೊಳ್ಳುವಳು. ಇವರಾರೂ ಕಾಯಿದೆಯ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯನ್ನು ಬರೆದವರು ನಾವು, ಅಕ್ಷರಸ್ಥರು, ಪತ್ರಿಕೆಗಳನ್ನು ತರಿಸಿ ಓದುವವರು. ಆಂಗ್ಲರ ಕಾಯಿದೆಯನ್ನು ಬೈಯುವುದು ಸುಲಭ. ಅದನ್ನು ನಡುಮನೆಯಲ್ಲಿ ನಡೆಸಿಕೊಂಡು ಬರುತ್ತಿರುವ ನಮ್ಮನ್ನು ಬೈದುಕೊಳ್ಳುವುದು ಕಷ್ಟ.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವು ಇಷ್ಟು. ತಪ್ಪು ಕಂಡರೆ ತಪ್ಪಿಗೆ ಹೆಸರಿಡಿರಿ, ಮನುಷ್ಯನಿಗೆ ಇಡಬೇಡಿರಿ. 'ಇಂದು ಲೆಕ್ಕ ತಪ್ಪಿತು' ಎಂಬ ಮಾತಿಗೆ ನಾಳೆ ಎಂಬುದುಂಟು. 'ನೀನು ದಡ್ಡ' ಎಂಬ ಮಾತಿಗೆ ನಾಳೆಯಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ ಮಕ್ಕಳ ಜಾತಿಯನ್ನು ತರಗತಿಯ ನಡುವೆ ಕೂಗಿ ಕೇಳುವ ಪದ್ಧತಿ ಉಳಿದಿದ್ದರೆ ಅದನ್ನು ನಿಲ್ಲಿಸಿರಿ. ಪತ್ರಿಕೆಯಲ್ಲಿ ಕಳವಿನ ಸುದ್ದಿಯ ಜೊತೆಗೆ ಕುಲದ ಹೆಸರು ಕಂಡರೆ ಸಂಪಾದಕರಿಗೆ ಒಂದು ಕಾಗದವನ್ನು ಬರೆಯಿರಿ. ಹಾಗೆಯೇ 'ಕುಂಬಳಕಾಯಿ ಕಳ್ಳ' ಎಂಬ ಕೂಗು ಎದ್ದಾಗ ಯಾರಾದರೊಬ್ಬರು ಹೆಗಲು ಮುಟ್ಟಿ ನೋಡಿಕೊಂಡರೆ, ಅವರ ಹೆಗಲಿನಲ್ಲಿ ಬೂದಿಯನ್ನು ಹುಡುಕುವುದಕ್ಕೆ ಮೊದಲು, ಆ ಕೂಗನ್ನು ಅವರು ಎಷ್ಟು ವರ್ಷಗಳಿಂದ ಕೇಳುತ್ತಿರುವರೆಂದು ವಿಚಾರಿಸಿರಿ. ಕೂಗಿದ ದನಿಗಳಲ್ಲಿ ನಮ್ಮದೂ ಒಂದಿತ್ತೆಂಬುದು ಆಗ ತಿಳಿದುಬಂದೀತು.